ಇಂದಿರಾನಗರದ ಕಾಮಿಡಿ ಶೋ, ಪಕ್ಕದ ಸೀಟಿನಲ್ಲಿ ಅಪ್ಪ

ಶನಿವಾರ ಇಂದಿರಾನಗರದ ಒಂದು ಕೆಫೆಯ ಬೇಸ್‌ಮೆಂಟ್‌ನಲ್ಲಿ ಕನ್ನಡ ಸ್ಟ್ಯಾಂಡ್‌ಅಪ್ ನೋಡಿ ಬಂದೆ. ಟಿಕೆಟ್ 399 ರೂಪಾಯಿ. ಜೊತೆಗೆ ಚನ್ನಪಟ್ಟಣದಿಂದ ಬಂದಿದ್ದ ಅಪ್ಪ. ‘18+’ ಅಂತ ಇದ್ದದ್ದನ್ನು ನಾನು ನೋಡಲಿಲ್ಲ, ಒಪ್ಪಿಕೊಳ್ತೀನಿ. ಆದರೆ ಅದನ್ನು ಟಿಕೆಟ್‌ನ ತಳದಲ್ಲಿ, ದುಡ್ಡು ವಾಪಸ್ ಕೊಡಲ್ಲ ಅನ್ನೋ ಸಾಲಿನ ಪಕ್ಕ ಇರುವೆ ಸೈಜಿನಲ್ಲಿ ಹಾಕಿದರೆ ಯಾರಿಗೆ ಕಾಣುತ್ತೆ?

ಅಪ್ಪನಿಗೆ ಹಾಸ್ಯ ಅಂದ್ರೆ ಗಂಗಾವತಿ ಪ್ರಾಣೇಶ್. ಗಣೇಶನ ಪೆಂಡಾಲ್ ಮುಂದೆ ಪ್ಲಾಸ್ಟಿಕ್ ಕುರ್ಚಿ, ಮೊಮ್ಮಕ್ಕಳು, ಕಡ್ಲೆಕಾಯಿ.

ಮೊದಲು ಬಂದವನ ಬಾಯಲ್ಲಿ ಇದ್ದದ್ದು ಒಂದೇ ಇಂಗ್ಲಿಷ್ ಬೈಗುಳ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೂ ಅದೇ, ಪಿಜಿ ಸಾಂಬಾರಿಗೂ ಅದೇ, ಓನರ್ ಅಂಕಲ್‌ಗೂ ಅದೇ. ಮೊದಲ ಸಲ ಹುಡುಗರು ಕಿರುಚಿದರು, ಹತ್ತನೇ ಸಲಕ್ಕೆ ಎಲ್ಲರೂ ಫೋನ್ ತೆಗೆದಿದ್ದರು. ಅಪ್ಪ ಸುಮ್ನೆ ಫ್ಯಾನ್ ನೋಡ್ತಾ ಕೂತಿದ್ದರು. 1972ರಲ್ಲಿ ಅಮೆರಿಕದ ಕಾಮಿಡಿಯನ್ ಜಾರ್ಜ್ ಕಾರ್ಲಿನ್ ಟಿವಿಯಲ್ಲಿ ಹೇಳಬಾರದ ಏಳು ಪದಗಳನ್ನು ಸ್ಟೇಜ್ ಮೇಲೆ ಹೇಳಿ ಅರೆಸ್ಟ್ ಆಗಿದ್ದ. ಅವನ ಜೋಕಿದ್ದದ್ದೇ ಆ ಪದಗಳ ಮೇಲೆ. ಇವನ ಪದ ತೆಗೆದರೆ ಮೂವತ್ತು ನಿಮಿಷದ ಸೆಟ್ ಇಪ್ಪತ್ತಕ್ಕೆ ಮುಗೀತಿತ್ತು, ಅಷ್ಟೇ.

ಆಮೇಲೆ ಬಂದ ಮಂಡ್ಯದ ಹುಡುಗ. ಅವನೂ ಬೈದ, ಇನ್ನೂ ಜಾಸ್ತಿನೇ ಬೈದ, ಆದರೆ ಬೈದದ್ದು ಅವನ ಅಜ್ಜಿ. ಹಾಸ್ಟೆಲ್‌ನಲ್ಲಿರುವ ಮೊಮ್ಮಗನಿಗೆ ಫೋನ್ ಮಾಡಿದ ತಕ್ಷಣ, ‘ಲೇ ಬಡ್ಡೆತ್ತದೇ, ಉಂಡ್ಯಾ?’ ಉಂಡೆ ಅಂದ. ‘ಏನುಂಡ್ಯೋ ಬಡ್ಡೆತ್ತದೇ?’ ನೂಡಲ್ಸ್ ಅಂದ. ಅಜ್ಜಿ ಮಾತೇ ಆಡಲಿಲ್ಲ. ಇವನೂ ಮೈಕ್ ಹಿಡಿದುಕೊಂಡು ಸುಮ್ಮನೆ ನಿಂತ. ಆಮೇಲೆ ಮೆತ್ತಗೆ, ‘ಕುಮಾರಾ... ದುಡ್ ಕಳಿಸ್ಲಾ ಮಗಾ?’ ಅಜ್ಜಿ ಹೆಸರು ಹಿಡಿದು ಕರೆದರೆ ಮನೇಲಿ ಯಾರೋ ಸತ್ತಿದ್ದಾರೆ ಅಂತ ಅರ್ಥವಂತೆ, ಇವನು ಬ್ಯಾಗ್ ತಗೊಂಡು ಸೀದಾ ಊರಿಗೆ ಹೊರಟೇಬಿಟ್ಟ! ಅಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡರು, ಪಕ್ಕದ ಟೇಬಲ್ಲಿನ ಹುಡುಗಿ ಅವರಿಗೆ ನೀರು ಕೊಟ್ಟಳು.

ವಾಪಸ್ ಮೆಟ್ರೋದಲ್ಲಿ ಅಪ್ಪ ಅಂದದ್ದು ಒಂದೇ ಮಾತು: ‘ಆ ಮೊದಲ್ನೇವ್ನಿಗೆ ಬೈಯಕ್ಕೂ ಬರಲ್ಲ ಕಣೋ.’

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು, ಮೂರೂ ಆ ಅಜ್ಜಿಗೆ. ಮೈಕ್ ಚೆನ್ನಾಗಿತ್ತು, ಹಿಂದಿನ ಸಾಲಿಗೂ ಕೇಳುತ್ತೆ. ಕಾಫಿ 180 ರೂಪಾಯಿ, ಅದೂ ಬೆಚ್ಚಗಿರಲಿಲ್ಲ. ಹೊರಗಡೆನೇ ಕುಡ್ಕೊಂಡು ಒಳಗೆ ಹೋಗಿ.