ಸಂಬಳದ ಲೆಕ್ಕದೊಳಗೆ ಏರ್‌ಗನ್: .177 ಸ್ಪ್ರಿಂಗ್ ರೈಫಲ್, ವರ್ಷಗಳ ಬಳಕೆಯ ನಂತರ

ಕೊಳ್ಳುವ ಮುನ್ನ ಎಲ್ಲರೂ ಕೇಳುವುದು ಗನ್ನಿನ ಬೆಲೆ. ವರ್ಷಗಟ್ಟಲೆ ಬಳಸಿದ ಮೇಲೆ ನೋಡಿದರೆ ಅದು ಒಮ್ಮೆ ಆಗಿಹೋದ ಖರ್ಚು. ಮಕ್ಕಳ ಫೀಸು, ಮನೆ ಬಾಡಿಗೆ, ರೇಷನ್ ನಡುವೆ ಈ ಹವ್ಯಾಸ ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ನಿರ್ಧರಿಸುವುದು ತಿಂಗಳು ತಿಂಗಳೂ ಖಾಲಿಯಾಗುವ ಪೆಲೆಟ್ (ಏರ್‌ಗನ್ನಿನ ಸೀಸದ ಗುಂಡು) ಡಬ್ಬಿ.

ಇಲ್ಲಿ ಬರೆದಿರುವುದು ನಮ್ಮ ದೇಶದಲ್ಲೇ ತಯಾರಾಗುವ ಬ್ರೇಕ್ ಬ್ಯಾರಲ್ ಸ್ಪ್ರಿಂಗ್ ರೈಫಲ್ ಬಗ್ಗೆ. ಬ್ಯಾರಲ್ ಮಡಚಿದರೆ ಒಳಗಿನ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ, ಟ್ರಿಗರ್ ಎಳೆದಾಗ ಅದು ಪಿಸ್ಟನ್ ತಳ್ಳಿ ಗಾಳಿಯ ಒತ್ತಡದಿಂದ ಪೆಲೆಟ್ ಹಾರಿಸುತ್ತದೆ. ಓಪನ್ ಸೈಟ್ (ಗಾಜಿಲ್ಲದ ಗುರಿ ನೋಟ), ಮರದ ಸ್ಟಾಕ್ (ಹಿಡಿ), ಬೆಲೆ ಹತ್ತರಿಂದ ಹದಿನೈದು ಸಾವಿರದ ಆಸುಪಾಸು. ಈ ದರ್ಜೆಯ ಗನ್‌ಗಳ ಒಳಗಿನ ರಚನೆ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಯಾವ ಕಂಪನಿಯದಾದರೂ ಈ ಮಾತುಗಳು ಹೊಂದುತ್ತವೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಇಂಚು ಬೋರ್ (ಬ್ಯಾರಲ್ ರಂಧ್ರದ ಅಳತೆ) ಮೀರದ, 20 ಜೂಲ್ ಶಕ್ತಿಯೊಳಗಿನ ಏರ್‌ಗನ್‌ಗೆ ಲೈಸೆನ್ಸ್ ಬೇಡ. 8 ಗ್ರೇನ್ (ಸುಮಾರು ಅರ್ಧ ಗ್ರಾಂ) ಪೆಲೆಟ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 10 ಜೂಲ್ ಆಗುತ್ತದೆ. 10 ಮೀಟರ್ ದೂರದ ಕಾಗದಕ್ಕೆ ಅಷ್ಟು ಧಾರಾಳ. ಕೊಂಡ ಬಿಲ್ ಮಾತ್ರ ಜೋಪಾನವಾಗಿಡಿ.

ಈಗ ಪೆಲೆಟ್ ಲೆಕ್ಕ. ವಾರಕ್ಕೆ ಎರಡು ದಿನ, ದಿನಕ್ಕೆ 40 ಗುಂಡು ಎಂದರೆ ತಿಂಗಳಿಗೆ ಸುಮಾರು 350. ವಿದೇಶಿ ಪೆಲೆಟ್ 500ರ ಡಬ್ಬಿ ಸಾವಿರ ರೂಪಾಯಿಗೆ ಸಿಕ್ಕಿತು ಅಂತಿಟ್ಟುಕೊಳ್ಳಿ, ಗುಂಡಿಗೆ 2 ರೂಪಾಯಿ, ತಿಂಗಳಿಗೆ 700. ಅದೇ 60 ಪೈಸೆಯ ದೇಶಿ ಪೆಲೆಟ್ ಆದರೆ 210. ಕಾಗದದ ಟಾರ್ಗೆಟ್‌ಗೆ ಚಪ್ಪಟೆ ತಲೆಯದೇ ಒಳ್ಳೆಯದು, ದುಂಡಗೆ ತೂತು ಕೊರೆಯುತ್ತದೆ, ಅಂಕ ಎಣಿಸುವುದು ಸುಲಭ. ನಿಂತು ಹೊಡೆಯುವಾಗ ನಮ್ಮ ಕೈಯ ಓಲಾಟವೇ ಪೆಲೆಟ್‌ನ ವ್ಯತ್ಯಾಸಕ್ಕಿಂತ ದೊಡ್ಡದು. ಆದ್ದರಿಂದ ನಿಂತ ಅಭ್ಯಾಸಕ್ಕೆ ದೇಶಿ, ಕೂತು ಗ್ರೂಪ್ (ಗುಂಡುಗಳು ಎಷ್ಟು ಒತ್ತಾಗಿ ಬೀಳುತ್ತವೆ ಅನ್ನುವುದು) ನೋಡುವುದಕ್ಕೆ ಮತ್ತು ಸ್ಕೋರ್ ಬರೆದಿಡುವ ದಿನಕ್ಕೆ ಜೆಎಸ್‌ಬಿ ಅಥವಾ ಆರ್‌ಡಬ್ಲ್ಯುಎಸ್‌ನಂಥ ವಿದೇಶಿ ಪೆಲೆಟ್. ಪೆಲೆಟ್ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಹಿಂದಿನ ಸೈಟ್ ಎಷ್ಟು ಕ್ಲಿಕ್ ತಿರುಗಿಸಬೇಕೆಂದು ಡಬ್ಬಿಯ ಮುಚ್ಚಳದ ಮೇಲೇ ಬರೆದಿಡಿ. ಅಗ್ಗದ ಡಬ್ಬಿಯಲ್ಲಿ ಲಂಗ (ಹಿಂಬದಿಯ ಅಂಚು) ಸೊಟ್ಟಗಾದ ಪೆಲೆಟ್ ಇದ್ದೇ ಇರುತ್ತವೆ. ಅವನ್ನು ಮೊದಲೇ ಆರಿಸಿ ತೆಗೆದರೆ ಗ್ರೂಪ್ ಎದ್ದು ಕಾಣುವಷ್ಟು ಚಿಕ್ಕದಾಗುತ್ತದೆ.

ಗುಂಡು ಉಳಿಸಲು ಖಾಲಿ ಗನ್ ಹೊಡೆಯಬೇಡಿ. ಮುಂದೆ ಪೆಲೆಟ್ ಇಲ್ಲದಿದ್ದರೆ ಪಿಸ್ಟನ್‌ಗೆ ಗಾಳಿಯ ತಡೆ ಸಿಗದೆ ಅದು ಹೋಗಿ ಸಿಲಿಂಡರ್ ತುದಿಗೆ ಗುದ್ದುತ್ತದೆ. ಪಿಸ್ಟನ್‌ನ ಸೀಲ್ ಹರಿಯುವುದು, ಸ್ಪ್ರಿಂಗ್ ಮುರಿಯುವುದು ಹೀಗೇ. ಕಾಕ್ ಮಾಡದೆ (ಸ್ಪ್ರಿಂಗ್ ಒತ್ತಿಡದೆ), ಗುರಿ ಹಿಡಿದು ನಿಲ್ಲುವ ಅಭ್ಯಾಸ ಎಷ್ಟು ಬೇಕಾದರೂ ಮಾಡಬಹುದು, ಅದಕ್ಕೆ ಕಾಸಿಲ್ಲ.

ಗುರಿ ಕೆಟ್ಟಿತು ಅಂದಕೂಡಲೇ ಎಲ್ಲರ ಮನಸ್ಸೂ ಸ್ಕೋಪ್ (ಗುರಿ ನೋಡುವ ದೂರದರ್ಶಕ) ಕಡೆಗೆ ಹೋಗುತ್ತದೆ. ಮೊದಲು ಸ್ಕ್ರೂ ನೋಡಿ. ಸ್ಪ್ರಿಂಗ್ ಗನ್ ಹಿಂದಕ್ಕೂ ಮುಂದಕ್ಕೂ ಎರಡು ಸಲ ಒದೆಯುತ್ತದೆ, ಆ ಅದುರಿಗೆ ಸ್ಟಾಕ್‌ನ ಮುಂಭಾಗದ ಎರಡು ಸ್ಕ್ರೂ ಮತ್ತು ಟ್ರಿಗರ್ ಗಾರ್ಡ್ ಸ್ಕ್ರೂ ಸಡಿಲವಾಗುತ್ತವೆ. ನೂರಿನ್ನೂರು ಗುಂಡಿಗೊಮ್ಮೆ ಪರೀಕ್ಷಿಸಿ. ಸ್ಕ್ರೂ ಬಿಚ್ಚಿ, ಎಳೆಯಲ್ಲಿರುವ ಎಣ್ಣೆ ಒರೆಸಿ, ನೀಲಿ ಥ್ರೆಡ್‌ಲಾಕರ್ ಒಂದು ಹನಿ ಹಾಕಿ ಹದವಾಗಿ ಬಿಗಿದರೆ ಬಹಳ ದಿನ ನಿಲ್ಲುತ್ತದೆ. ಕೆಂಪು ಬೇಡ, ಮತ್ತೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ವಿಪರೀತ ಬಿಗಿದರೆ ಮರ ಅದುಮಿಹೋಗುತ್ತದೆ.

ಎರಡನೆಯದು ಹಿಡಿತ. ಗನ್ನನ್ನು ಬಿಗಿಯಾಗಿ ಅಮುಕಿ ಹಿಡಿದರೆ, ಗಟ್ಟಿ ಮೇಜಿನ ಮೇಲೆ ಒತ್ತಿಟ್ಟರೆ ಗುಂಡು ಚೆಲ್ಲಾಪಿಲ್ಲಿಯಾಗುತ್ತದೆ, ಯಾಕೆಂದರೆ ಪೆಲೆಟ್ ಬ್ಯಾರಲ್ ಬಿಡುವ ಮೊದಲೇ ಗನ್ ಅಲುಗಲು ಶುರುವಾಗಿರುತ್ತದೆ. ತೆರೆದ ಅಂಗೈ ಮೇಲೆ ಸುಮ್ಮನೆ ಕೂರಿಸಿ, ಪ್ರತಿ ಸಲವೂ ಅದೇ ಜಾಗದಲ್ಲಿ. ಈ ಎರಡು ಸರಿಯಾದ ಮೇಲೂ ಸ್ಕೋಪ್ ಬೇಕೇ ಬೇಕೆನಿಸಿದರೆ ಏರ್‌ಗನ್‌ಗೆಂದೇ ಮಾಡಿದ, 10 ಮೀಟರ್‌ಗೆ ಪ್ಯಾರಲಾಕ್ಸ್ (ಕಣ್ಣು ಸರಿದರೆ ಗುರಿಯೂ ಸರಿದಂತೆ ಕಾಣುವ ದೋಷ) ಹೊಂದಿಸಬಹುದಾದದ್ದನ್ನೇ ತೆಗೆದುಕೊಳ್ಳಿ. ಸಾಧಾರಣ ಸ್ಕೋಪ್‌ನ ಒಳಗಿನ ಗಾಜು ಆ ಎರಡು ಒದೆತ ತಾಳದೆ ಕಳಚಿಕೊಳ್ಳುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಓಪನ್ ಸೈಟ್ ಸಾಕು. ಉಳಿದ ದುಡ್ಡಿಗೆ ವರ್ಷದ ಪೆಲೆಟ್ ಬರುತ್ತದೆ.

ವೇಗ ಕುಸಿದಂತೆ ಅನಿಸಿದರೆ ಬ್ರೀಚ್ ಸೀಲ್ (ಬ್ಯಾರಲ್ ಹಿಂತುದಿಯ ಓ-ರಿಂಗ್ ಎಂಬ ಬಳೆ) ಪರೀಕ್ಷಿಸಿ. ಬ್ಯಾರಲ್ ಮಡಚುವ ಜಾಗದ ಮೇಲೆ ಟಿಶ್ಯೂ ಕಾಗದದ ಸಣ್ಣ ಚೂರಿಟ್ಟು, ಪೆಲೆಟ್ ಹಾಕಿ ಹೊಡೆಯಿರಿ. ಚೂರು ಹಾರಿದರೆ ಗಾಳಿ ಸೋರುತ್ತಿದೆ ಅಂತ ಅರ್ಥ. ಹಳೆಯ ಓ-ರಿಂಗ್ ಸೂಜಿಯಿಂದ ಎಬ್ಬಿಸಿ, ಒಳ ಅಳತೆ ಮತ್ತು ದಪ್ಪ ವರ್ನಿಯರ್ ಅಳತೆಗೋಲಿನಲ್ಲಿ ನೋಡಿ, ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಯಲ್ಲಿ ಕೇಳಿ. ಕೆಲವೇ ರೂಪಾಯಿಯ ವಸ್ತು, ನಾಲ್ಕೈದು ಒಟ್ಟಿಗೇ ತಂದಿಡಿ. ಸೀಲ್ ಗುಳಿಯಲ್ಲಿ ತಗ್ಗಿ ಕೂತಿದ್ದರೆ ಅಡಿಗೆ ತೆಳು ಹಾಳೆಯ ಶಿಮ್ ಕತ್ತರಿಸಿ ಹಾಕಿದರೂ ನಡೆಯುತ್ತದೆ.

ಸಿಲಿಂಡರ್ ಒಳಗೆ ಕೊಬ್ಬರಿ ಎಣ್ಣೆ, ಹೊಲಿಗೆ ಮಷಿನ್ ಎಣ್ಣೆ ಬಿಡಲೇಬೇಡಿ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೆ ಎಣ್ಣೆ ಹೊತ್ತಿಕೊಂಡು, ಹೊಗೆ ಬಂದು, ಪಟಾಕಿಯಂತೆ ಸಿಡಿಯುತ್ತದೆ. ಕೆಲವರಿಗೆ ಆ ಸದ್ದು ಶಕ್ತಿಯ ಲಕ್ಷಣ ಅನಿಸುತ್ತದೆ, ಆದರೆ ಅದು ಸೀಲ್ ಸುಡುತ್ತಿರುವ ಸದ್ದು. ಬ್ಯಾರಲ್ ಕೀಲಿಗೆ, ಕಾಕಿಂಗ್ ಕೊಂಡಿಗೆ ಮಾತ್ರ ಮಾಲಿ (ಮಾಲಿಬ್ಡಿನಮ್ ಬೆರೆತ) ಗ್ರೀಸ್ ತೆಳ್ಳಗೆ ಸವರಿ. ಹೆಚ್ಚು ಗಟ್ಟಿ ಸ್ಪ್ರಿಂಗ್ ಹಾಕಿಕೊಡುತ್ತೇನೆ ಅನ್ನುವ ಮೆಕ್ಯಾನಿಕ್‌ಗೆ ಒಪ್ಪಬೇಡಿ. ಒದೆತ ಹೆಚ್ಚುತ್ತದೆ, ಗುರಿ ಕೆಡುತ್ತದೆ, 20 ಜೂಲ್ ದಾಟಿದರೆ ಕಾನೂನಿನ ತೊಂದರೆ ಬೇರೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮನೆಯಲ್ಲಿ ಬಿಚ್ಚಲೂ ಬೇಡಿ, ಒತ್ತಿ ಕೂತ ಸ್ಪ್ರಿಂಗ್ ಮುಖಕ್ಕೇ ಚಿಮ್ಮುತ್ತದೆ.

ಜಾಗದ ಮಾತಿಗೆ ಬಂದರೆ, 30-40 ಅಡಿ ಸೈಟಿನ ಮನೆಯ ತಾರಸಿ ಉದ್ದಕ್ಕೆ 12 ಮೀಟರ್, 10 ಮೀಟರ್ ರೇಂಜ್ ಸಿಗುತ್ತದೆ, ಹಿಂದೆ ಆಳೆತ್ತರದ ಗೋಡೆ ಇದ್ದರೆ ಮಾತ್ರ. ಬರೀ ಪ್ಯಾರಾಪೆಟ್ ನಂಬಿ ಹೊಡೆಯಬಾರದು. ಮನೆಯೊಳಗೆ 5 ಮೀಟರ್ ಇದ್ದರೆ ಟಾರ್ಗೆಟ್ಟನ್ನು ಅರ್ಧ ಅಳತೆಗೆ ಪ್ರಿಂಟ್ ಮಾಡಿಸಿ. ಓಪನ್ ಸೈಟ್‌ಗೆ ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ) ರೈಫಲ್ ಟಾರ್ಗೆಟ್‌ನ 0.5 ಮಿಲಿಮೀಟರ್ ಚುಕ್ಕೆ ನಿರಾಸೆ ತರುತ್ತದೆ. ಹತ್ತು ಅಂಕದ ವೃತ್ತ 11.5 ಮಿಲಿಮೀಟರ್ ಇರುವ ಪಿಸ್ತೂಲ್ ಟಾರ್ಗೆಟ್‌ನಿಂದ ಶುರು ಮಾಡಿ. ಪೆಲೆಟ್ ಹಿಡಿಯಲು ಪ್ಲೈವುಡ್ ಪೆಟ್ಟಿಗೆ, ಹಿಂಬದಿಗೆ 3 ಮಿಲಿಮೀಟರ್ ಎಂಎಸ್ (ಉಕ್ಕಿನ) ಶೀಟ್, ಒಳಗೆ ಟೈಲರ್ ಅಂಗಡಿಯ ಬಟ್ಟೆ ಚೂರು ಗಿಡಿದು ತುಂಬಿ, ಮುಂದೆ ರಟ್ಟು. ಬರೀ ಕಬ್ಬಿಣದ ತಗಡಿಟ್ಟರೆ ಪೆಲೆಟ್ ತಿರುಗಿ ಬರುತ್ತದೆ. ನೋಡಲು ಬಂದವರಿಗೂ ಸೇರಿಸಿ ಎಲ್ಲರಿಗೂ ಸೇಫ್ಟಿ ಕನ್ನಡಕ ಬೇಕು. ಪೆಲೆಟ್ ಹಾಕುವಾಗ ಮಡಚಿದ ಬ್ಯಾರಲ್ಲನ್ನು ಒಂದು ಕೈ ಬಿಡದೆ ಹಿಡಿದಿರಲಿ. ಲಾಕ್ ತಪ್ಪಿದರೆ ಬೆರಳು ಜಜ್ಜಿಹೋಗುತ್ತದೆ.

ಸೀಸ ವಿಷ. ಹೊಡೆದಾದ ಮೇಲೆ ಸೋಪಿನಲ್ಲಿ ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಗನ್ ಒಂದು ಕಡೆ ಬೀಗದಲ್ಲಿ, ಪೆಲೆಟ್ ಇನ್ನೊಂದು ಕಡೆ. ಹಕ್ಕಿಗಳತ್ತ ತಿರುಗಿಸುವ ಆಸೆಗೆ ಜಾಗವೇ ಇಲ್ಲ, 1972ರ ವನ್ಯಜೀವಿ ಕಾಯ್ದೆಯಡಿ ಜೈಲಾಗಬಹುದು.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಗನ್ನನ್ನು ರೆಕ್ಸಿನ್ ಚೀಲದಲ್ಲಿ ಇಡಬೇಡಿ, ಒಳಗೆ ತೇವ ಕೂತು ತುಕ್ಕು ಹತ್ತುತ್ತದೆ. ಕೈ ಬೆವರು ತಾಗಿದ ಲೋಹವನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಬೀರುವಿನಲ್ಲಿ ಸಿಲಿಕಾ ಜೆಲ್ ಜೊತೆಗೆ ನಿಲ್ಲಿಸಿ.

ಪಿಸಿಪಿ (ಒತ್ತಡದ ಗಾಳಿ ಮೊದಲೇ ತುಂಬಿಸಿಡುವ ಗನ್) ಒದೆಯುವುದಿಲ್ಲ, ಗುರಿ ಸುಲಭ, ನಿಜ. ಆದರೆ 200 ಬಾರ್ ಒತ್ತಡದ ಗಾಳಿ ತುಂಬಿಸುವ ಪಂಪ್, ಅದರ ಸೀಲುಗಳು, ಒಳಗೆ ಸೇರುವ ತೇವ ಎಲ್ಲವೂ ಸೇರಿ ಖರ್ಚು ಗನ್ನಿನ ಬೆಲೆಗೆ ನಿಲ್ಲುವುದಿಲ್ಲ. ಆ ಮಟ್ಟದ ಅಭ್ಯಾಸ ಬೇಕಾದವರು ಜಿಲ್ಲೆಯ ರೈಫಲ್ ಕ್ಲಬ್ಬಿನಲ್ಲಿ ಅವರ ಗನ್ನಿನಿಂದಲೇ ಹೊಡೆಯಲು ಬಿಡುತ್ತಾರೆಯೇ ಎಂದು ಮೊದಲು ವಿಚಾರಿಸಿ.