ಮಲ್ಪೆಯಲ್ಲಿ ರೀಫ್ ಫಿಶಿಂಗ್ ಕಲಿಸ್ತೇವೆ ಅಂತ ಅಡ್ವಾನ್ಸ್ ಕೇಳಿದರೆ ಕೊಡಬೇಡಿ

ಬೋಟಿನಲ್ಲಿ ಕರೆದುಕೊಂಡು ಹೋಗಿ ಸಮುದ್ರದ ಅಡಿಯ ಕಲ್ಲಿನ ಮೇಲೆ ಗಾಳ ಹಾಕೋದು (ಅದೇ ರೀಫ್ ಫಿಶಿಂಗ್) ಕಲಿಸ್ತೇವೆ, ಕಲ್ಲಿನ ಜಾಗದಲ್ಲಿ ಸಿಗುವ ಕೆಂಬೇರಿ, ಮುರು ಮೀನು ಗ್ಯಾರಂಟಿ ಅಂತ ಯಾರಾದರೂ ಮೆಸೇಜ್ ಮಾಡಿದರೆ ಹಣ ಕಳಿಸುವ ಮುಂಚೆ ಇದನ್ನು ಓದಿ. ನಾವು ನಾಲ್ಕು ಜನ ಸೇರಿ 14,000 ರೂಪಾಯಿ ಕೊಟ್ಟಿದ್ದೇವೆ. ಪೂರ್ತಿ ಅಡ್ವಾನ್ಸ್. ಅದರ ಮೇಲೆ ನನ್ನ ಹತ್ತಿರ ಮಾತ್ರ 'ಸ್ಟಾರ್ಟರ್ ಕಿಟ್' ಅಂತ ಇನ್ನೂ 8,500 ತೆಗೆದುಕೊಂಡಿದ್ದಾರೆ. ಹೆಸರು ಹಾಕುವುದಿಲ್ಲ. ಹಾಕಿದರೆ ನಾಳೆ ಬೇರೆ ಹೆಸರಲ್ಲಿ ಬರ್ತಾರೆ, ಅಷ್ಟೇ.

ಫೋನಿನಲ್ಲಿ ಏನು ಮಾತು ಅಂತೀರಿ! 'ಹವಳದ ಜಾಗ ಸರ್, ನೇತ್ರಾಣಿ ಥರಾನೇ, ಮಲ್ಪೆಯಿಂದ ಅರ್ಧ ಗಂಟೆ.' ಹವಳ ಇರುವ ನೇತ್ರಾಣಿ ದ್ವೀಪ ಇರುವುದು ಮುರುಡೇಶ್ವರದ ಎದುರು. ಮಲ್ಪೆ ಎದುರು ಅಂಥದ್ದು ಎಲ್ಲಿಂದ ಬಂತು ಅಂತ ಕೇಳಿದೆ. 'ಅದು ನಮ್ಮ ಸೀಕ್ರೆಟ್ ಪಾಯಿಂಟ್ ಸರ್, ಜಿಪಿಎಸ್‌ನಲ್ಲಿ ಉಂಟು, ಫೋನಲ್ಲಿ ಹೇಳ್ಲಿಕ್ಕಿಲ್ಲ.' ಮೀನುಗಾರರು ತಮ್ಮ ಕಲ್ಲಿನ ಜಾಗ ಯಾರಿಗೂ ಹೇಳುವುದಿಲ್ಲ, ಅದು ನಮಗೆಲ್ಲ ಗೊತ್ತು. ಅದನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ.

ಬೆಳಿಗ್ಗೆ ಆರಕ್ಕೆ ಅಂದವರು ಬಂದದ್ದು ಎಂಟಕ್ಕೆ. ಬಿಡಿ, ಅದು ದೊಡ್ಡ ವಿಷಯ ಅಲ್ಲ. ಸೇಂಟ್ ಮೇರೀಸ್ ದ್ವೀಪದ ಬದಿಯಲ್ಲೇ ಹೋದೆವು. ಅಲ್ಲಿ ಕಲ್ಲು ಕಣ್ಣಿಗೇ ಕಾಣುತ್ತದೆ. ನಿಲ್ಲಿಸಲಿಲ್ಲ. ದಕ್ಷಿಣಕ್ಕೆ ಕಾಪು ಕಡೆಗೂ ಹೋಗಲಿಲ್ಲ. ಅಲ್ಲಿ ಕಲ್ಲು ಉಂಟು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ, 2021ರ ತೌಕ್ತೆ ಚಂಡಮಾರುತದಲ್ಲಿ ಟಗ್ ಬೋಟು ಕಲ್ಲಿಗೆ ಸಿಕ್ಕಿ ಒಂಬತ್ತು ಜನರನ್ನು ಬಿಡಿಸಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವಲ್ಲ. ಇವರು ಸೀದಾ ಪಶ್ಚಿಮಕ್ಕೆ ಹೊಡೆದರು. ಒಂದು ಕಡೆ ಎಂಜಿನ್ ಆಫ್ ಮಾಡಿ 'ಹಾಕಿ ಸರ್, ಇದೇ' ಅಂದರು.

ನೀರಿನ ತಳ, ಮೀನು ತೋರಿಸುವ ಫಿಶ್ ಫೈಂಡರ್ ಎಲ್ಲಿ? 'ಚಾರ್ಜ್ ಇಲ್ಲ.' ಆಂಕರ್? 'ಬೇಡ ಸರ್, ಡ್ರಿಫ್ಟ್ ಮಾಡುವಾ.' ಸರಿ, ಡ್ರಿಫ್ಟ್ ಮಾಡಿದೆವು. ಮಾಡ್ತಾನೇ ಇದ್ದೆವು. ಎರಡು ಗಂಟೆ ಬೋಟು ಸುಮ್ನೆ ತೇಲಿತು. ಕಲ್ಲಿನ ಮೇಲೆ ಡ್ರಿಫ್ಟ್ ಮಾಡುವುದು ಅಂದರೆ ಸ್ವಲ್ಪ ಹೊತ್ತಿಗೇ ಕಲ್ಲು ದಾಟಿ ಹೋಗುತ್ತದೆ, ಮತ್ತೆ ಎಂಜಿನ್ ಹಾಕಿ ಹರಿವಿನ ಮೇಲ್ಭಾಗಕ್ಕೆ ಬಂದು ಮತ್ತೆ ಬಿಡಬೇಕು. ಇವರು ಒಮ್ಮೆಯೂ ತಿರುಗಿಸಲಿಲ್ಲ. ಕೇಳಿದರೆ 'ನಮ್ಮ ರೀಫ್ ದೊಡ್ಡದು ಸರ್.' ಎರಡು ಗಂಟೆ ತೇಲಿದರೂ ಮುಗಿಯದ ರೀಫ್!

ಗಾಳ ತಳಕ್ಕೆ ಇಳಿಯಲಿ ಅಂತ ಕಟ್ಟುವ ಸೀಸದ ತೂಕ ಮೇಲೆ ಎಳೆದರೆ ಬೂದು ಬಣ್ಣದ ಕೆಸರು ಮೆತ್ತಿಕೊಂಡಿತ್ತು. ಇದೇನು ಅಂದೆ. 'ಕಲ್ಲಿನ ಮೇಲೆ ಸ್ವಲ್ಪ ಮಣ್ಣು ಕೂತಿರ್ತದೆ ಸರ್.' ಸಿಕ್ಕಿದ್ದು ಶೇಡೆ ಮೀನು, ಅಂದರೆ ಕ್ಯಾಟ್ ಫಿಶ್. ಅದೂ ಮೂರು. ಒಂದರ ಮುಳ್ಳು ನನ್ನ ಗೆಳೆಯನ ಹೆಬ್ಬೆರಳಿಗೆ ಹೊಕ್ಕಿತು. ಫಸ್ಟ್ ಏಡ್ ಡಬ್ಬ ಕೇಳಿದರೆ ಬೀಡಿ ಡಬ್ಬ ಬಂತು. ಲೈಫ್ ಜಾಕೆಟ್ ಎರಡೇ, ಐಸ್ ಪೆಟ್ಟಿಗೆಯ ಅಡಿಯಲ್ಲಿ, ಬಕಲ್ ಇಲ್ಲದ್ದು. ನಾವು ಬೋಟಿನಲ್ಲಿ ಆರು ಜನ.

ಇನ್ನು ನನ್ನ ಹೊಟ್ಟೆ ಉರಿಯುವ ವಿಷಯ. ವಾಪಸ್ ಬರುವಾಗ ಐಸ್ ಪೆಟ್ಟಿಗೆಯಿಂದ ಒಂದು ಕೆಂಬೇರಿ ತೆಗೆದರು. ಒಳ್ಳೆ ಗಾತ್ರದ್ದು. 'ಬೆಳಿಗ್ಗೆ ನಮ್ಮ ಇನ್ನೊಂದು ಬೋಟಿಗೆ ಸಿಕ್ಕಿದ್ದು ಸರ್, ಹಿಡ್ಕೊಳ್ಳಿ, ಒಂದು ಫೋಟೋ.' ಮೀನು ಐಸಿನಲ್ಲಿ ಸೆಟೆದು ಹೋಗಿತ್ತು, ಕಿವಿರು ಬಿಳಚಿಕೊಂಡಿತ್ತು. ಫೋಟೋ ತೆಗೆದರು. ಮೀನು ವಾಪಸ್ ಪೆಟ್ಟಿಗೆಗೆ ಹೋಯಿತು. ಮರುದಿನ ನೋಡಿದರೆ ಅದೇ ಫೋಟೋ ಅವರ ಪೇಜಿನಲ್ಲಿ. 'ಮೊದಲ ದಿನವೇ ನಮ್ಮ ಗ್ರಾಹಕರ ಭರ್ಜರಿ ಬೇಟೆ'. ನಾನು ಹಲ್ಲು ಕಿರಿದುಕೊಂಡು ನಿಂತಿದ್ದೇನೆ. ಆಫೀಸಿನಲ್ಲಿ ಎಲ್ಲರೂ ಕೇಳ್ತಾರೆ, ಎಷ್ಟು ಕೆಜಿ ಅಂತ. ಏನು ಹೇಳಲಿ?

ಪಕ್ಕದ ಮನೆಯವರು ಎಷ್ಟೋ ವರ್ಷ ಕೈಗಾಳದಲ್ಲೇ ಬದುಕಿದವರು. ಅವರಿಗೆ ಕತೆ ಹೇಳಿದೆ. ಅವರು ಕೇಳಿದ್ದು ಒಂದೇ, 'ಎಷ್ಟು ಸೀಸ ಹೋಯ್ತು?' ಒಂದೂ ಹೋಗಲಿಲ್ಲ ಅಂದೆ, ಹೆಮ್ಮೆಯಿಂದಲೇ. ಅವರು ನಗಲಿಕ್ಕೆ ಶುರು ಮಾಡಿದರು. ನಿಲ್ಲಿಸಲೇ ಇಲ್ಲ. 'ಎಂಥ ಕಲ್ಲು ಮಾರಾಯ್ರೆ ಅದು? ಕಲ್ಲಿನಲ್ಲಿ ಗಾಳ ಹಾಕಿದರೆ ಅರ್ಧ ಸೀಸ ಅಲ್ಲೇ ಬಿಟ್ಟು ಬರಬೇಕು. ನಿಮ್ಮನ್ನು ಕೆಸರಿಗೆ ಕರ್ಕೊಂಡು ಹೋಗಿದ್ದಾರೆ.' ಆಮೇಲೆ ಬೋಟಿನವರು ಕಟ್ಟಿಕೊಟ್ಟ ಗಾಳವನ್ನು ನೋಡಿದರು. ಸೀಸಕ್ಕೂ ಮೇನ್ ಲೈನಿನದ್ದೇ ದಾರ. ಕಲ್ಲಿಗೆ ಹೋಗುವವರು ಸೀಸಕ್ಕೆ ತೆಳ್ಳಗಿನ ದಾರ ಕಟ್ಟುತ್ತಾರಂತೆ. ಸಿಕ್ಕಿಕೊಂಡರೆ ಸೀಸ ಮಾತ್ರ ತುಂಡಾಗಿ ಹೋಗಲಿ, ಗಾಳ ಉಳಿಯಲಿ ಅಂತ. ಅಂದರೆ ಬೋಟಿನವರು ಕಲ್ಲಿಗೆ ಹೋಗುವ ಯೋಚನೆಯನ್ನೇ ಇಟ್ಟುಕೊಂಡಿರಲಿಲ್ಲ. ಮನೆಯಿಂದ ಹೊರಡುವಾಗಲೇ!

ಕಿಟ್ ಕತೆ ಬೇಗ ಹೇಳ್ತೇನೆ. 'ಸಾಲ್ಟ್ ವಾಟರ್ ರೀಲ್' ಅಂದಿದ್ದರು. ಸಿಹಿ ನೀರಲ್ಲಿ ತೊಳೆದು ಒಣಗಿಸಿ ಇಟ್ಟೆ. ವಾರದಲ್ಲಿ ಸ್ಕ್ರೂ, ದಾರ ಸುತ್ತುವ ಬೇಲ್ ತಂತಿ, ಒಳಗಿನ ಬೇರಿಂಗ್ ಎಲ್ಲ ತುಕ್ಕು. ಮಂಗಳೂರಿನ ಅಂಗಡಿಯಲ್ಲಿ ಅದೇ ರೀಲು, ಅದೇ ರಾಡು ಸೇರಿ 2,200. ಕೆರೆಗೆ, ಹೊಳೆಗೆ ಬಳಸುವುದು ಅಂದರು. ರೀಲಿನಿಂದ ದಾರ ಓಡದಂತೆ ತಡೆಯುವ ಬ್ರೇಕು, ಡ್ರ್ಯಾಗ್, ಅದನ್ನು ಪೂರ್ತಿ ಬಿಗಿ ಮಾಡಿದರೂ ಕೈಯಲ್ಲಿ ದಾರ ಎಳೆಯಬಹುದು. ಮುರು ಮೀನು ಕಚ್ಚಿದ ತಕ್ಷಣ ಕಲ್ಲಿನ ಪೊಟರೆಗೆ ನುಗ್ಗುತ್ತದೆ, ಮೊದಲ ಒಂದೆರಡು ಮೀಟರ್ ತಡೆದು ಎತ್ತದಿದ್ದರೆ ಕತೆ ಮುಗಿಯಿತು. ಈ ರೀಲಿನಲ್ಲಿ? ಬಂಗುಡೆ ಬಂದರೂ ಸಂಶಯ.

ಫೋನ್ ಮಾಡಿದೆ. ಉತ್ತರ ಕೇಳಿ.

'ಸಮುದ್ರ ಅಲ್ವಾ ಸರ್, ಮೀನು ನಮ್ಮ ಕಿಸೆಯಲ್ಲಿ ಇರ್ತದಾ?'

ಮೀನಿನ ವಿಷಯ ಅಲ್ಲ, ಜಾಗದ ವಿಷಯ ಅಂದೆ. ಆ ಜಿಪಿಎಸ್ ಪಾಯಿಂಟ್ ತೋರಿಸಿ ಅಂದೆ.

'ನೀವು ಬಿಗಿನರ್ ಸರ್, ಮೊದಲ ಸಲ ಕೆಸರಲ್ಲೇ ಕಲಿಬೇಕು.'

ನೋಡಿ! ಕೆಸರು ಅಂತ ಅವರ ಬಾಯಲ್ಲೇ ಬಂತು! ಬೋಟಿನಲ್ಲಿ ಕಲ್ಲು, ಫೋನಿನಲ್ಲಿ ಕೆಸರು. ಹಾಗಾದರೆ ಹಣ ವಾಪಸ್ ಕೊಡಿ ಅಂದೆ. 'ಡೀಸೆಲ್ ಖರ್ಚಾಗಿದೆ.' ರೀಲಾದರೂ ವಾಪಸ್ ತೆಗೆದುಕೊಳ್ಳಿ ಅಂದೆ. 'ಉಪ್ಪು ನೀರಿಗೆ ಹಾಕಿದ್ದು ವಾಪಸ್ ಇಲ್ಲ ಸರ್.' ಸಾಲ್ಟ್ ವಾಟರ್ ರೀಲು, ಉಪ್ಪು ನೀರಿಗೆ ಹಾಕಿದರೆ ವಾಪಸ್ ಇಲ್ಲ! ಫೋಟೋ ತೆಗೀರಿ ಅಂದರೆ 'ಚೆನ್ನಾಗಿ ಬಂದಿದ್ದೀರಿ ಸರ್, ಇರ್ಲಿ' ಅಂತ ನಗುವ ಚಿತ್ರ ಬೇರೆ. ಆಮೇಲೆ ಬ್ಲಾಕ್.

ಕಲಿಯಲೇಬೇಕು ಅನ್ನುವವರಿಗೆ ಹೇಳುವುದು ಇಷ್ಟೇ. ಪೂರ್ತಿ ಅಡ್ವಾನ್ಸ್ ಕೊಡಬೇಡಿ. ಫಿಶ್ ಫೈಂಡರ್ ಆನ್ ಮಾಡಿಸಿ, ಗಟ್ಟಿ ತಳ ಇದ್ದರೆ ದಪ್ಪ ಗೆರೆ ಬರುತ್ತದೆ. ಬರದಿದ್ದರೆ ಅಲ್ಲೇ ಜಗಳ ಮಾಡಿ, ದಡಕ್ಕೆ ಬಂದ ಮೇಲೆ ಯಾರೂ ಕೇಳುವುದಿಲ್ಲ. ಜೂನ್, ಜುಲೈ ನಿಷೇಧದ ತಿಂಗಳಲ್ಲೂ 'ನಾವು ಹೋಗ್ತೇವೆ' ಅನ್ನುವವರ ಹತ್ತಿರ ಮಾತೇ ಬೇಡ. ಲೈಫ್ ಜಾಕೆಟ್ ಹಾಕಿಕೊಂಡ ಮೇಲೆ ಹತ್ತಿ, ಹತ್ತಿದ ಮೇಲೆ ಹುಡುಕಬೇಡಿ. ರೀಲು ಅಂಗಡಿಯಲ್ಲೇ ತೆಗೆದುಕೊಳ್ಳಿ, ಬಿಲ್ ಸಮೇತ. ಮತ್ತೆ ಅವರ ಮೀನು ಹಿಡಿದು ಫೋಟೋಗೆ ನಿಲ್ಲಬೇಡಿ, ದಯವಿಟ್ಟು.

ಕೆಂಪು ಟೋಪಿ ಹಾಕಿಕೊಂಡು ಕೆಂಬೇರಿ ಹಿಡಿದು ನಿಂತವನ ಫೋಟೋ ನಿಮಗೆ ಬಂದರೆ ಅದು ನಾನೇ. ಆ ಮೀನು ನಾನು ಹಿಡಿದದ್ದಲ್ಲ. ಹಣ ಕಳಿಸಿದ ರಸೀದಿ, ಮೆಸೇಜು ಎಲ್ಲ ನನ್ನ ಹತ್ತಿರ ಉಂಟು. ಇದೇ ಥರ ಹಣ ಕಳೆದುಕೊಂಡವರು ಬೇರೆ ಯಾರಾದರೂ ಇದ್ದರೆ ಹೇಳಿ, ಒಟ್ಟಿಗೆ ಹೋಗಿ ಕಂಪ್ಲೇಂಟ್ ಕೊಡುವಾ.