ಲೇತ್‌ಗೆ ಜೋಡಿಸುವ ಸ್ಕ್ರಾಲ್ ಸಾ ಸಾಕೇ, ಬೇರೆಯದೇ ಬೇಕೇ?

ಆಸ್ಟ್ರಿಯಾದ ಎಮ್ಕೊ ಕಂಪನಿಯ ಹಳೆಯ ಯುನಿಮ್ಯಾಟ್ ಎಸ್‌ಎಲ್ ಎಂಬ ಪುಟ್ಟ ಲೇತ್‌ಗೆ (ಮರ, ಲೋಹವನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಸ್ಕ್ರಾಲ್ ಸಾ, ಅಂದರೆ ತೆಳು ಬ್ಲೇಡಿನಿಂದ ಬಾಗು ಬಳುಕಿನ ಆಕಾರ ಕತ್ತರಿಸುವ ಗರಗಸದ ಜೋಡಣೆಯೂ ಸಿಗುತ್ತಿತ್ತು. ಲೇತ್‌ನ ಸ್ಪಿಂಡಲ್ (ತಿರುಗುವ ದಂಡ) ತಿರುಗಿದಂತೆ ಬ್ಲೇಡ್ ಮೇಲೆ ಕೆಳಗೆ ಆಡುತ್ತದೆ. 3 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಆಟಿಕೆಯ ಭಾಗಗಳನ್ನು ಕತ್ತರಿಸಲು ಇಷ್ಟು ಸಾಕು. ಇನ್ನೊಂದು ಯಂತ್ರಕ್ಕೆ ಜಾಗವಿಲ್ಲದವರಿಗೆ ಅನುಕೂಲವೇ.

ಕಿರಿಕಿರಿ ಇರುವುದು ಬಿಚ್ಚಿ ಜೋಡಿಸುವುದರಲ್ಲಿ. ಗರಗಸ ಜೋಡಿಸಲೆಂದು ಅರ್ಧ ಕಡೆದ ಬುಗುರಿಯನ್ನು ಚಕ್‌ನಿಂದ (ಕೆಲಸದ ತುಂಡನ್ನು ಹಿಡಿದಿಡುವ ಭಾಗ) ತೆಗೆದಿರೋ, ಮತ್ತೆ ಹಿಡಿಸಿದಾಗ ಅದು ಓಲಾಡದೆ ತಿರುಗುವುದು ಅಪರೂಪ. ಪುಟ್ಟ ಮೋಟಾರ್ ಬೇರೆ ಬೇಗ ಬಿಸಿಯಾಗುತ್ತದೆ.

ಪ್ರತ್ಯೇಕ ಸ್ಕ್ರಾಲ್ ಸಾದಲ್ಲಿ ಬ್ಲೇಡ್ ಎರಡೂ ತುದಿಗಳಲ್ಲಿ ಬಿಗಿದಿರುತ್ತದೆ. 16 ಇಂಚಿನ ಮಾದರಿಯಲ್ಲಿ ಬ್ಲೇಡಿನ ಹಿಂದೆ ಅಷ್ಟೇ ಜಾಗವಿರುತ್ತದೆ. ಜಾಲಂಧ್ರದ ವಿನ್ಯಾಸಕ್ಕೆ ರಂಧ್ರ ರಂಧ್ರಕ್ಕೂ ಬ್ಲೇಡ್ ಬಿಚ್ಚಿ ತೂರಿಸಬೇಕಲ್ಲ, ಆಗ ಇದರ ಬೆಲೆ ಗೊತ್ತಾಗುತ್ತದೆ. ಪ್ರತಿ ವಾರ ಕತ್ತರಿಸುವವರು ಇದನ್ನೇ ಕೊಳ್ಳಲಿ. ವರ್ಷಕ್ಕೆ ಎರಡು ಸಲದ ಕೆಲಸಕ್ಕೆ ಎರಡೂ ಬೇಡ, ಕೈಗರಗಸವೇ ಸಾಕು.